ಕೆಟ್ಟ ಸೀರೆಯ ನಷ್ಟ ಯಾರ ತಲೆಗೆ?

ದೊಡ್ಡಬಳ್ಳಾಪುರ ಮತ್ತು ಡಾಬಸ್‌ಪೇಟೆ ನಡುವೆ 5,800 ಎಕರೆಯಲ್ಲಿ ‘ಕ್ವಿನ್ ಸಿಟಿ’ ಕಟ್ಟುವುದಾಗಿ ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಜ್ಞಾನ, ಆರೋಗ್ಯ, ನಾವೀನ್ಯತೆ, ಸಂಶೋಧನೆ ಎಲ್ಲಕ್ಕೂ ಒಂದೇ ನಗರ ಎಂಬುದು ಯೋಜನೆ. ಅದೇ ವರ್ಷದ ಜನವರಿಯಲ್ಲಿ ದೇವನಹಳ್ಳಿ ಬಳಿ 43 ಎಕರೆಯ ಬೋಯಿಂಗ್ ಕ್ಯಾಂಪಸ್ ಉದ್ಘಾಟನೆಯಾಗಿತ್ತು. ಅದೇ ತಾಲ್ಲೂಕಿನ ಐಟಿಐಆರ್ (ಮಾಹಿತಿ ತಂತ್ರಜ್ಞಾನ ಹೂಡಿಕೆ ಪ್ರದೇಶ) ಜಮೀನಿನಲ್ಲಿ ಫಾಕ್ಸ್‌ಕಾನ್ 300 ಎಕರೆ ಪಡೆದು ಐಫೋನ್ ಜೋಡಿಸುವ ಕಾರ್ಖಾನೆ ಎಬ್ಬಿಸಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಸಭೆಗೆ ಹೋದರೂ ಈಗ ಕಿವಿಗೆ ಬೀಳುವ ಮಾತು ಒಂದೇ. ಜಾಗ ಕೊಡಿ, ಬುದ್ಧಿವಂತರನ್ನು ಕರೆತನ್ನಿ, ದೂರದೃಷ್ಟಿಯ ನಾಯಕನೊಬ್ಬ ಮೇಲಿರಲಿ, ಹೊಸತು ತಾನಾಗಿಯೇ ಹುಟ್ಟುತ್ತದೆ.

ಈ ಮಾತಿಗೆ ಇನ್ನೊಂದು ಅರ್ಧವಿದೆ. ಅದನ್ನು ವೇದಿಕೆಯ ಮೇಲೆ ಯಾರೂ ಆಡುವುದಿಲ್ಲ, ಆದರೆ ಕಾರ್ಖಾನೆ, ಕಚೇರಿ, ಮಗ್ಗದ ಶೆಡ್ಡುಗಳೆಲ್ಲ ನಡೆಯುವುದು ಅದರ ಮೇಲೆಯೇ: ಯೋಚಿಸುವುದು ಮೇಲಿನವರ ಪಾಲು, ಹೇಳಿದಷ್ಟು ಮಾಡುವುದು ಕೆಳಗಿನವರ ಪಾಲು. ಸೃಜನಶೀಲತೆ ಎಂಜಿನಿಯರಿಗೆ, ಶಿಸ್ತು ಕಾರ್ಮಿಕನಿಗೆ. ಈ ಹಂಚಿಕೆ ಎಷ್ಟು ಸಹಜವಾಗಿ ಒಪ್ಪಿತವಾಗಿದೆಯೆಂದರೆ, ಅದನ್ನು ಪ್ರಶ್ನಿಸುವವರನ್ನು ಉದ್ಯಮ ವಿರೋಧಿಗಳೆಂದೇ ಕರೆಯಲಾಗುತ್ತದೆ. ಆದರೆ ಇದು ಶುದ್ಧ ತಪ್ಪು ಲೆಕ್ಕ. ಒಂದು ಸಂಸ್ಥೆಯಲ್ಲಿ ಹೊಸತು ಹುಟ್ಟುತ್ತದೋ ಇಲ್ಲವೋ ಎಂಬುದನ್ನು ಅದರ ಕಟ್ಟಡವಾಗಲಿ, ನಾಯಕನ ಭಾಷಣವಾಗಲಿ ಹೇಳುವುದಿಲ್ಲ. ಹೊಸದೊಂದನ್ನು ಮಾಡಲು ಹೋಗಿ ಕೆಟ್ಟರೆ ಆ ನಷ್ಟ ಯಾರ ತಲೆಗೆ ಬರುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ದೊಡ್ಡಬಳ್ಳಾಪುರ ಪೇಟೆಯ ಒಳಬೀದಿಗಳಿಗೆ ಬರಬೇಕು. ಮನೆಯ ಮುಂದುಗಡೆ ಸಂಸಾರ, ಹಿಂದುಗಡೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಮಗ್ಗದ ನೆತ್ತಿಯ ಮೇಲೆ ಜಕಾರ್ಡ್, ಅದರಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಸರ. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಕೆಳಗೇ ಉಳಿಯುತ್ತದೆ. ಆ ಸಂದಿನಲ್ಲಿ ಲಾಳಿ ಓಡಿ ಹೊಕ್ಕಿನ ಎಳೆ ಬಿಟ್ಟು ಹೋಗುತ್ತದೆ. ಅಂಚಿನಲ್ಲೊಂದು ಮಾವಿನಕಾಯಿ, ಸೆರಗಿನಲ್ಲೊಂದು ನವಿಲು ಮೂಡಬೇಕಾದರೆ ಇಂಥ ಕಾರ್ಡುಗಳ ದೊಡ್ಡ ಕಟ್ಟೇ ಬೇಕು. ಕೆಲವು ಕಡೆ ಈಗ ಕಾರ್ಡಿನ ಜಾಗಕ್ಕೆ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ, ಡಿಸೈನ್ ಪೆನ್‌ಡ್ರೈವ್‌ನಲ್ಲಿ ಬರುತ್ತದೆ. ಆದರೂ ಎಳೆ ಹರಿದಾಗ ಗಂಟು ಹಾಕುವ ಕೈ ಅದೇ ಕೈ.

ಆ ಕೈಗೆ ಗೊತ್ತಿರುವುದು ಬಹಳ. ಯಾವ ಬಣ್ಣದ ಒಡಲಿಗೆ ಯಾವ ಜರಿ ಕೂತರೆ ಅಂಚು ಎದ್ದು ಕಾಣುತ್ತದೆ, ಹಾಸು ಎಷ್ಟು ಬಿಗಿಯಾದರೆ ಎಳೆ ಹರಿಯುತ್ತದೆ, ಒಡಲಿನ ಬುಟ್ಟಾ ಎಷ್ಟು ಹತ್ತಿರ ಬಂದರೆ ಸೀರೆ ಭಾರವಾಗಿ ನೆರಿಗೆ ನಿಲ್ಲುವುದಿಲ್ಲ ಎಂಬುದನ್ನು ಯಾವ ಡಿಸೈನ್ ಶಾಲೆಗೂ ಹೋಗದ ನೇಕಾರ ಬೆರಳ ತುದಿಯಲ್ಲಿ ಬಲ್ಲ. ಅವನಿಗೆ ಹೊಸ ಬುಟ್ಟಾ ಒಂದು ಹೊಳೆಯಿತು ಎನ್ನೋಣ. ಅದನ್ನು ನೋಡಬೇಕಾದರೆ ಹೊಸ ಕಾರ್ಡು ಹೊಡೆಸಬೇಕು, ಮಗ್ಗ ನಿಲ್ಲಿಸಬೇಕು. ಮೊದಲ ಒಂದೆರಡು ಸೀರೆ ತಪ್ಪು ತಿದ್ದುವುದರಲ್ಲೇ ಮುಗಿಯುತ್ತವೆ. ಕೂಲಿ ಸಿಗುವುದು ಸೀರೆಗಿಷ್ಟು ಎಂಬ ಲೆಕ್ಕದಲ್ಲಿ, ಆದ್ದರಿಂದ ಮಗ್ಗ ನಿಂತಷ್ಟು ದಿನ ಕೂಲಿಯಿಲ್ಲ. ಕೆಟ್ಟ ಸೀರೆ ‘ಡ್ಯಾಮೇಜ್’ ಲೆಕ್ಕಕ್ಕೆ ಹೋದರೆ ಅದರ ಹಣವೂ ಅವನ ಕೂಲಿಯಲ್ಲೇ ಮುರಿದುಹೋಗುತ್ತದೆ. ಆ ಬುಟ್ಟಾ ಅಂಗಡಿಯಲ್ಲಿ ಓಡಿದರೆ ಮಾತ್ರ ಲಾಭ ನೂಲು ಕೊಟ್ಟವರಿಗೆ, ಮಾರಿದವರಿಗೆ. ಇಷ್ಟು ತಿಳಿದ ಮೇಲೂ ಅವನು ಹೋದ ವರ್ಷದ ಸೀರೆಯನ್ನೇ ನೇಯುತ್ತಿದ್ದರೆ ಅದು ಸೋಮಾರಿತನವಲ್ಲ, ಸಂಸಾರಸ್ಥನ ವಿವೇಕ.

ಇವನನ್ನು ನೋಡಿ ‘ನೇಕಾರರಿಗೆ ಬದಲಾವಣೆ ಬೇಕಿಲ್ಲ, ಅದಕ್ಕೇ ಸೂರತ್ ಮುಂದೆ ಸೋಲುತ್ತಿದ್ದಾರೆ’ ಎಂದು ತೀರ್ಪು ಕೊಡುವವರಿದ್ದಾರೆ. ಸೂರತ್‌ನ ಅಗ್ಗದ ಸೀರೆಗಳ ಪೆಟ್ಟು ದೊಡ್ಡಬಳ್ಳಾಪುರಕ್ಕೆ ನಿಜವಾಗಿಯೂ ಬಿದ್ದಿದೆ, ನೇಕಾರರು ಬೀದಿಗಿಳಿದೂ ಆಗಿದೆ. ಆದರೆ ದರದ ಪೈಪೋಟಿಯಲ್ಲಿ ಮನೆಮಗ್ಗ ಭಾರಿ ರೇಪಿಯರ್ ಮಗ್ಗವನ್ನು ಗೆಲ್ಲಲಾರದು. ಅದಕ್ಕೆ ಉಳಿದಿರುವ ದಾರಿ ಬೇರೆಯವರಲ್ಲಿಲ್ಲದ ಸೀರೆಯನ್ನು ಬೇರೆಯವರಿಗಿಂತ ಮೊದಲು ನೇಯುವುದು. ಆ ದಾರಿಯ ಸುಂಕವನ್ನು ಇಡೀ ಊರಿನಲ್ಲಿ ಅತ್ಯಂತ ಬಡವನಿಂದಲೇ ವಸೂಲಿ ಮಾಡಿ, ಅವನು ನಡೆಯುತ್ತಿಲ್ಲವೆಂದು ದೂರುವುದು ನ್ಯಾಯವೇ?

ಬಾಶೆಟ್ಟಿಹಳ್ಳಿ ಸುತ್ತಿನ ಗಾರ್ಮೆಂಟ್ಸ್‌ನಲ್ಲಿ ಇದೇ ರೋಗ ಬೇರೆ ರೂಪದಲ್ಲಿದೆ. ಸುತ್ತಲ ಹಳ್ಳಿಗಳಿಂದ ವ್ಯಾನುಗಳಲ್ಲಿ ಬರುವ ಹೆಣ್ಣುಮಕ್ಕಳು ಬ್ಯಾಚಿನಲ್ಲಿ ಕೂತು ಹೊಲಿಯುತ್ತಾರೆ. ಪ್ರತಿ ಗಂಟೆಗೂ ಟಾರ್ಗೆಟ್, ಎಷ್ಟು ಪೀಸ್ ಆಯಿತೆಂಬ ಲೆಕ್ಕ. ದಿನಕ್ಕೆ ನೂರಾರು ಕಾಲರ್ ಕೂರಿಸುವ ಕೈಗೆ, ಕತ್ತರಿಸುವಾಗ ಬಟ್ಟೆಗೆ ಹಾಕುವ ಗುರುತನ್ನು ತುಸು ಸರಿಸಿದರೆ ಹೊಲಿಗೆ ಬೇಗ ಕೂರುತ್ತದೆ ಎಂದು ಗೊತ್ತಾಗದೇ ಇರುವುದಿಲ್ಲ. ಅವಳು ಸೂಪರ್‌ವೈಸರ್‌ಗೆ ಹೇಳುವುದಿಲ್ಲ. ಹೇಳಿದರೆ ಬಹುಮಾನ ಬರುವುದಿಲ್ಲ, ಗಂಟೆಯ ಟಾರ್ಗೆಟ್ ಏರುತ್ತದೆ. ಹೇಳದಿದ್ದರೆ ಸೊಂಟಕ್ಕೆ ಎರಡು ನಿಮಿಷದ ಬಿಡುವಾದರೂ ಸಿಗುತ್ತದೆ. ಒಳ್ಳೆಯ ಉಪಾಯ ಕೊಟ್ಟವಳಿಗೆ ಹೆಚ್ಚಿನ ದುಡಿಮೆಯನ್ನೇ ದಂಡವಾಗಿ ವಿಧಿಸುವ ಕಡೆ ಉಪಾಯಗಳು ಬಾಯಿಬಿಡುವುದಿಲ್ಲ. ಗೋಡೆಗೆ ಸಲಹಾ ಪೆಟ್ಟಿಗೆ ತೂಗುಹಾಕಿದ ಮಾತ್ರಕ್ಕೆ ಈ ಲೆಕ್ಕ ಬದಲಾಗದು.

ಕಾರ್ಖಾನೆ ನಡೆಸುವವರ ಆಕ್ಷೇಪವನ್ನೂ ಎದುರಿಸಲೇಬೇಕು. ಲೈನಿನಲ್ಲಿ ಕೂತ ಪ್ರತಿಯೊಬ್ಬರೂ ಪ್ರಯೋಗ ಮಾಡತೊಡಗಿದರೆ ಗುಣಮಟ್ಟ ಏನಾಗಬೇಕು, ಆರ್ಡರ್ ಹೊತ್ತಿಗೆ ಹೋಗುವುದು ಹೇಗೆ ಎಂದು ಅವರು ಕೇಳುತ್ತಾರೆ. ಇದಕ್ಕೆ ಉತ್ತರ ಒಂದು ಮಗ್ಗದಿಂದಲೇ ಬಂದಿದೆ. 1924ರಲ್ಲಿ ಜಪಾನಿನ ಸಕಿಚಿ ಟೊಯೊಡಾ ರೂಪಿಸಿದ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ಗಜಗಟ್ಟಲೆ ನೇಯ್ದು ಆಮೇಲೆ ಅಳುವುದಕ್ಕಿಂತ, ತಪ್ಪಾದ ಕ್ಷಣದಲ್ಲೇ ನಿಂತು ಕಾರಣ ಹುಡುಕುವುದು ಲೇಸು ಎಂಬುದು ಅದರ ತತ್ವ. ಆ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಮಾರಿದ ಮನೆತನವೇ ಮುಂದೆ ಟೊಯೊಟಾ ಕಾರು ತಯಾರಿಸಿತು. ಮಗ್ಗದ ತತ್ವ ಕಾರಿನ ಲೈನಿಗೆ ಬಂದಾಗ ಹಗ್ಗದ ರೂಪ ತಾಳಿತು. ಬೋಲ್ಟು ಸರಿಯಾಗಿ ಕೂರದಿದ್ದರೆ ಸಾಮಾನ್ಯ ಕಾರ್ಮಿಕನೂ ತಲೆಯ ಮೇಲಿನ ಹಗ್ಗ ಎಳೆಯಬಹುದು. ತಂಡದ ಮುಖಂಡ ಓಡಿಬರುತ್ತಾನೆ. ಹೊತ್ತಿಗೆ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಕೆಲಸದ ಕ್ರಮವನ್ನು ಅಲ್ಲಿ ಕಟ್ಟುನಿಟ್ಟಾಗಿ ಬರೆದಿಡುತ್ತಾರೆ, ಆದರೆ ಅದನ್ನು ತಿದ್ದುವ ಮಾತನ್ನು ಕೆಲಸ ಮಾಡುವವನಿಂದಲೇ ಕೇಳುತ್ತಾರೆ. 1951ರಿಂದ ಅಲ್ಲಿ ಸಲಹಾ ಪದ್ಧತಿ ನಡೆದುಬಂದಿದೆ. ಶಿಸ್ತಿಗೂ ಪ್ರಯೋಗಕ್ಕೂ ಹಗೆತನವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ಹಗ್ಗ ನಮ್ಮ ನೆಲಕ್ಕೂ ಬಂತು. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿಕೆ ಶುರುಮಾಡಿದಾಗ ಬಿಡದಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ರಾಮನಗರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದೇ ವರ್ಷ ಕಂಪನಿ ಅಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆಗೆ ಎಸ್ಸೆಸ್ಸೆಲ್ಸಿ ಮುಗಿಸಿದ ಬಡವರ ಮಕ್ಕಳು ಸೇರಿದರು. ಇಂಥ ಪದ್ಧತಿ ಕನ್ನಡದ ಮಕ್ಕಳ ಕೈಯಲ್ಲಿ ನಡೆಯುವುದಿಲ್ಲ ಎನ್ನುವವರ ಬಾಯಿ ಅಲ್ಲಿಗೆ ಮುಚ್ಚಬೇಕು. ಆದರೆ ಅದೇ ಬಿಡದಿ ಇನ್ನೊಂದು ಪಾಠವನ್ನೂ ಕೊಟ್ಟಿದೆ. 2006ರ ಜನವರಿಯಲ್ಲಿ ಮುಷ್ಕರ, ಲಾಕೌಟ್. 2020ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ, ಮತ್ತೆ ಲಾಕೌಟ್. ಕೆಲಸದ ಒತ್ತಡ ಮಿತಿಮೀರಿದೆ ಎಂದು ಕಾರ್ಮಿಕ ಸಂಘ ಹೇಳಿತು, ಕಂಪನಿ ಒಪ್ಪಲಿಲ್ಲ. ಯಾರ ಕಡೆ ಎಷ್ಟು ನ್ಯಾಯವಿತ್ತೆಂಬ ವಾದ ಬೇರೆ. ಲೈನ್ ನಿಲ್ಲಿಸುವ ಹಗ್ಗವನ್ನು ನಂಬಿ ಕೊಟ್ಟ ಕಡೆಯೂ, ಆ ನಂಬಿಕೆ ಮಾತುಕತೆಯ ಮೇಜಿನವರೆಗೆ ಬಾರದಿದ್ದರೆ ಕೆಲಸವೇ ನಿಲ್ಲುತ್ತದೆ ಎಂಬುದಂತೂ ಸ್ಪಷ್ಟ.

ಇದರ ಇನ್ನೂ ಕಹಿಯಾದ ರೂಪ ಹೊಸಕೋಟೆ ದಾಟಿ ಕೋಲಾರದ ಹಾದಿ ಹಿಡಿದರೆ ಸಿಗುವ ನರಸಾಪುರದಲ್ಲಿ ಕಂಡಿತು. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ದಾಂಧಲೆಗೆ ತಿರುಗಿತು. ಗಾಜು ಒಡೆಯಿತು, ವಾಹನಗಳು ಉರುಳಿದವು. ಅದು ತಪ್ಪೇ. ಆದರೆ ಕೆಲವೇ ದಿನಗಳಲ್ಲಿ ಕಂಪನಿಯೇ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ವಿಸ್ಟ್ರಾನ್ ಮೇಲೆ ನಿಗಾ ಇಟ್ಟು, ಹೊಸ ಆರ್ಡರ್ ಕೊಡುವುದನ್ನು ತಡೆಹಿಡಿಯಿತು. ಜಗತ್ತಿನ ಅತ್ಯಂತ ನವೀನ ಎನಿಸಿಕೊಂಡ ವಸ್ತು ತಯಾರಾಗುವ ಜಾಗದಲ್ಲಿ, ಬರಬೇಕಾದ ಸಂಬಳ ಬಂದಿಲ್ಲ ಎಂಬ ಸರಳ ಮಾತು ಕೆಳಗಿನಿಂದ ಮೇಲಕ್ಕೆ ಹತ್ತಲು ದಾರಿಯಿರಲಿಲ್ಲ. ದೂರು ಹತ್ತುವ ಮೆಟ್ಟಿಲನ್ನೇ ಹೊಸ ವಿಚಾರವೂ ಹತ್ತಬೇಕು. ಅದು ಮುರಿದಿದ್ದರೆ ಎರಡೂ ಮೇಲೆ ಬರುವುದಿಲ್ಲ.

ಕೈಗಾರಿಕಾ ಪಾರ್ಕುಗಳಿಂದ, ಕಾರ್ಖಾನೆಗಳಿಂದ ಕೆಲಸ ಸಿಕ್ಕಿದೆ ಎಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ತಿಂಗಳ ಸಂಬಳ ಎಣಿಸುವ ಹೆಣ್ಣುಮಗಳಿಗೆ ಮನೆಯಲ್ಲಿ ಮಾತಿನ ತೂಕ ಬಂದಿದೆ, ಅದು ಸಣ್ಣ ಸಂಗತಿಯಲ್ಲ. ಉದ್ಯೋಗವನ್ನು ಉದ್ಯೋಗವೆಂದೇ ಕರೆದು ಹೆಮ್ಮೆಪಡಬಹುದು. ಅದಕ್ಕೆ ನಾವೀನ್ಯತೆಯ ಹಣೆಪಟ್ಟಿ ಅಂಟಿಸಿ, ಆ ಹೆಸರಿನಲ್ಲಿ ರೈತರ ಜಮೀನು ಕೇಳುವಾಗ ತಕರಾರು ಏಳಲೇಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕೇಳಿದ್ದ ಸರ್ಕಾರ, ಮೂರು ವರ್ಷ ಮೀರಿದ ಹೋರಾಟದ ಬಳಿಕ 2025ರ ಜುಲೈನಲ್ಲಿ ಭೂಸ್ವಾಧೀನದ ಅಧಿಸೂಚನೆಯನ್ನು ಕೈಬಿಟ್ಟಿತು. ಎಕರೆ ಲೆಕ್ಕದಲ್ಲಿ ಬುದ್ಧಿವಂತಿಕೆ ಬೆಳೆಯುತ್ತದೆ ಎಂಬ ನಂಬಿಕೆಗೆ ಆ ಹಳ್ಳಿಗಳ ಜನ ಕೊಟ್ಟ ಉತ್ತರ ಅದು.

ಜಾಗ ಮೊದಲು, ಹೊಸತು ಆಮೇಲೆ ಎನ್ನುವವರು ನೆಲಮಂಗಲದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಪೀಣ್ಯದ ಹಳೆಯ ಶೆಡ್ಡುಗಳನ್ನು ನೆನೆಯಬೇಕು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ತಂಡದ ಮುಖ್ಯಸ್ಥರು. ಉಪಗ್ರಹ ಕಟ್ಟಿದ ಅನುಭವ ಆ ಎಳೆಯ ಎಂಜಿನಿಯರುಗಳಲ್ಲಿ ಯಾರಿಗೂ ಇರಲಿಲ್ಲ. ಜಾಗ ಸಾಲದೆ ಶೌಚಾಲಯವೊಂದನ್ನು ದತ್ತಾಂಶ ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿದ್ದೂ ಉಂಟು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಅದಕ್ಕಾಗಿ ಆ ತಂಡವನ್ನು ಚದುರಿಸಲಿಲ್ಲ, ಯಾರನ್ನೂ ಬಲಿ ಕೊಡಲಿಲ್ಲ. 1979ರಲ್ಲಿ ಮುಂದಿನ ಉಪಗ್ರಹ ಭಾಸ್ಕರ ಮೇಲೇರಿತು.

ಅದೇ 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ–3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಬಂದು ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಮಾತನಾಡಲು ಧವನ್ ಕಳಿಸಿದ್ದು ಕಲಾಂ ಅವರನ್ನು. ಕಲಾಂ ಇದನ್ನು ಬದುಕಿರುವವರೆಗೂ ಹೇಳಿಕೊಂಡು ಬಂದರು, ನಾಯಕತ್ವದ ಶಿಬಿರಗಳಲ್ಲಿ ಇದನ್ನು ಇಂದಿಗೂ ಹೇಳುತ್ತಾರೆ. ಆದರೆ ಕೇಳಿದವರು ಇದನ್ನು ದೊಡ್ಡವರೊಬ್ಬರ ಔದಾರ್ಯದ ಕಥೆಯಾಗಿ ಮಾತ್ರ ಮನೆಗೊಯ್ಯುತ್ತಾರೆ. ಅಲ್ಲಿ ನಡೆದದ್ದು ವ್ಯವಸ್ಥೆಯ ಮಾತು. ಪ್ರಯೋಗ ಮಾಡುವವನ ತಲೆಯಿಂದ ನಷ್ಟವನ್ನು ಎತ್ತಿ ಸಂಸ್ಥೆ ತನ್ನ ತಲೆಗೆ ಇಟ್ಟುಕೊಂಡಿತು. ಹಾಗಾಗಿ ಮರುವರ್ಷ ಅದೇ ಜನ ಅದೇ ರಾಕೆಟ್ಟನ್ನು ಇನ್ನೊಮ್ಮೆ ಹಾರಿಸಬಲ್ಲವರಾದರು. ಇದು ರಾಕೆಟ್ಟಿಗೆ ಸರಿ ಎಂದಾದರೆ ಸೀರೆಗೇಕೆ ಸರಿಯಲ್ಲ?

ಉಪಾಯ ಇದ್ದರಷ್ಟೇ ಸಾಲದು ಎಂಬುದಕ್ಕೆ ಎಚ್‌ಎಂಟಿ ನೋವಿನ ಸಾಕ್ಷಿ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಆ ಸಂಸ್ಥೆ 1980ರ ದಶಕದ ಆರಂಭದಲ್ಲೇ ಕ್ವಾರ್ಟ್ಜ್ ಗಡಿಯಾರವನ್ನೂ ಮಾಡಿತ್ತು. ಕೈಯಲ್ಲಿ ಕಲೆಯಿತ್ತು, ತಂತ್ರಜ್ಞಾನವಿತ್ತು. ಆದರೆ ಕೀಲಿ ಕೊಡುವ ಗಡಿಯಾರದ ಭದ್ರ ಮಾರುಕಟ್ಟೆಯನ್ನು ಪಣಕ್ಕಿಡುವ ಧೈರ್ಯವನ್ನು ಮೇಲಿನವರು ಮಾಡಲಿಲ್ಲ. ಗಡಿಯ ಆಚೆ ಹೊಸೂರಿನಲ್ಲಿ ಟೈಟನ್ ಕ್ವಾರ್ಟ್ಜ್ ನೆಚ್ಚಿಕೊಂಡೇ ಹೊರಟಿತು. ವರ್ಷಗಟ್ಟಲೆ ತಿಣುಕಿ, 2002ರಲ್ಲಿ ಬರೀ 3.5 ಮಿಲಿಮೀಟರ್ ದಪ್ಪದ ‘ಎಡ್ಜ್’ ಗಡಿಯಾರವನ್ನು ಹೊರತಂದಿತು. ಎಚ್‌ಎಂಟಿಯ ಗಡಿಯಾರ ವಿಭಾಗ ಮುಚ್ಚುವ ತೀರ್ಮಾನ 2016ರಲ್ಲಿ ಬಂತು. ಸರ್ಕಾರಿ ಉದ್ದಿಮೆಯ ಸೋಲಿಗೆ ಹಲವು ಕಾರಣಗಳಿವೆ ನಿಜ. ಆಡಿಟ್ ಆಕ್ಷೇಪಕ್ಕೆ ಹೆದರಿದ ಅಧಿಕಾರಿ ಹೊಸದಕ್ಕೆ ಸಹಿ ಹಾಕುವುದಿಲ್ಲ ಎಂಬುದು ಅವುಗಳಲ್ಲಿ ಚಿಕ್ಕದಲ್ಲ. ಆ ಹೆದರಿಕೆ ಇಂದಿನ ತಾಲ್ಲೂಕು ಕಚೇರಿಗಳವರೆಗೂ ಉಳಿದುಬಂದಿದೆ.

ಕಾಲದ ಮಾತೂ ಇದೆ. ಈ ಜಿಲ್ಲೆಯ ಮಳೆಯಾಶ್ರಿತ ಹೊಲಗಳ ಬೆಳೆ ರಾಗಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಬದುಕನ್ನೇ ರಾಗಿಗೆ ಮುಡಿಪಿಟ್ಟ ‘ರಾಗಿ ಲಕ್ಷ್ಮಣಯ್ಯ’ 1950–60ರ ದಶಕಗಳಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣದಂಥ ತಳಿಗಳನ್ನು ಕೊಟ್ಟರು. ಆಮೇಲೆ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂಥದು. ಅದನ್ನು ಬೇರೆ ತಳಿಯೊಂದಿಗೆ ಕೂಡಿಸಿ, ಹುಟ್ಟಿದ್ದನ್ನು ತಲೆಮಾರುಗಟ್ಟಲೆ ಬಿತ್ತಿ, ಆರಿಸಿ, ಮತ್ತೆ ಬಿತ್ತಬೇಕು. ಮೂರು ತಿಂಗಳಿಗೊಮ್ಮೆ ಸಾಧನೆಯ ಪಟ್ಟಿ ಕೇಳುವ ಇಂದಿನ ಆಡಳಿತದ ಮುಂದೆ ಲಕ್ಷ್ಮಣಯ್ಯನವರು ಹತ್ತಾರು ವರ್ಷ ‘ಸೊನ್ನೆ’ ಬರೆಸಿಕೊಳ್ಳಬೇಕಾಗುತ್ತಿತ್ತು.

ಸಂಸ್ಥೆಯ ಹಂಗೇ ಇಲ್ಲದೆ ಹೊಸತು ಮಾಡಿದವರಿಲ್ಲವೇ ಎಂದರೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇದ್ದರು. ಜಪಾನಿನ ಸಹಜ ಕೃಷಿಕ ಫುಕುವೊಕಾ ವಿಚಾರಗಳಿಂದ ಪ್ರೇರಿತರಾಗಿ ರಾಸಾಯನಿಕ ಕೃಷಿ ಬಿಟ್ಟ ಎಲ್. ನಾರಾಯಣ ರೆಡ್ಡಿ 2019ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟವನ್ನೇ ಪಾಠಶಾಲೆ ಮಾಡಿಕೊಂಡಿದ್ದರು. ದೂರದೂರದಿಂದ ಜನ ಬಂದು ಕಲಿತು ಹೋದರು. ಆದರೆ ಅವರು ಕೆಟ್ಟ ಬೆಳೆಯ ನಷ್ಟವನ್ನು ತಾವೇ ನುಂಗಿದವರು. ಸಾಲದಲ್ಲಿರುವ ಎರಡೆಕರೆಯ ರೈತನಿಗೆ, ಕೂಲಿ ಮಗ್ಗದ ನೇಕಾರನಿಗೆ ‘ನೀವೂ ಹಾಗೇ ಮಾಡಿ’ ಎನ್ನುವುದು ಕ್ರೌರ್ಯ. ಅಪರೂಪದ ಗಟ್ಟಿಗರು ಮಾತ್ರ ದಾಟಬಲ್ಲ ಹೊಳೆಗೆ ಸೇತುವೆ ಕಟ್ಟುವುದಕ್ಕೇ ಸಂಘ, ಸಂಸ್ಥೆ, ಸರ್ಕಾರಗಳಿರುವುದು.

ಮಾಡಬೇಕಾದ್ದು ಅಂಥ ದೊಡ್ಡ ಖರ್ಚಿನದೇನಲ್ಲ. ದೊಡ್ಡಬಳ್ಳಾಪುರದಲ್ಲಿ ಸಾರ್ವಜನಿಕ ಪ್ರಯೋಗ ಮಗ್ಗಗಳ ಒಂದು ಶೆಡ್ ಬೇಕು. ಕಾರ್ಡು ಹೊಡೆಯುವವರು, ಎಲೆಕ್ಟ್ರಾನಿಕ್ ಜಕಾರ್ಡ್ ಬಲ್ಲವರು ಅಲ್ಲಿರಬೇಕು. ನೇಕಾರ ಹೊಸ ಬುಟ್ಟಾ ತಂದರೆ ನೂಲು ಶೆಡ್ಡಿನದು, ನೇಯ್ದ ದಿನಗಳ ಕೂಲಿ ಶೆಡ್ಡಿನದು, ಕೆಟ್ಟ ಸೀರೆಯೂ ಶೆಡ್ಡಿನದೇ. ಗೆದ್ದ ಡಿಸೈನಿನ ಮೇಲೆ ಒಂದು ಅವಧಿಯವರೆಗೆ ನೇಕಾರನ ಹೆಸರು, ಅವನ ಪಾಲು. ಗಾರ್ಮೆಂಟ್ಸ್ ಮಾಲೀಕರು ಒಂದು ನಿಯಮ ಒಪ್ಪಲಿ: ಕಾರ್ಮಿಕಳ ಸಲಹೆಯಿಂದ ಉಳಿದ ಸಮಯವನ್ನು ಟಾರ್ಗೆಟ್ ಏರಿಸಲು ಬಳಸಬಾರದು, ಉಳಿತಾಯದ ಒಂದು ಭಾಗ ಸಂಬಳದ ಚೀಟಿಯಲ್ಲಿ ಅವಳ ಹೆಸರಿಗೆ ಬರಬೇಕು. ಇಲಾಖೆಗಳಲ್ಲಿ, ಪ್ರಾಮಾಣಿಕವಾಗಿ ಮಾಡಿ ಕೈಗೂಡದ ಪ್ರಯೋಗಕ್ಕೆ ಆಡಿಟ್ ಆಕ್ಷೇಪ ಬಾರದಂತೆ ಸಣ್ಣ ಮೊತ್ತವೊಂದನ್ನು ಮೊದಲೇ ಎತ್ತಿಡಲಿ.

ಕ್ವಿನ್ ಸಿಟಿಗೆ ವಿದೇಶಿ ವಿಶ್ವವಿದ್ಯಾಲಯಗಳನ್ನು, ದೊಡ್ಡ ಆಸ್ಪತ್ರೆಗಳನ್ನು ಕರೆಯುವ ಮಾತು ನಡೆದಿದೆ. ಬರಲಿ. ಆ ನಗರದ ಗಡಿಕಲ್ಲಿನಿಂದ ಸ್ವಲ್ಪ ದೂರದಲ್ಲೇ ಸಾವಿರಾರು ಜಕಾರ್ಡ್‌ಗಳು ಹಗಲಿರುಳು ಸದ್ದು ಮಾಡುತ್ತಿವೆ. 5,800 ಎಕರೆಯಲ್ಲಿ ಎರಡು ಎಕರೆಯನ್ನು ಆ ಪ್ರಯೋಗ ಶೆಡ್ಡಿಗೆ ಬರೆದುಕೊಡಿ ಎಂದು ನೇಕಾರರ ಸಂಘಗಳು ಕೈಗಾರಿಕಾ ಇಲಾಖೆಗೆ ಈಗಲೇ ಅರ್ಜಿ ಹಾಕಬೇಕು. ಆ ಅರ್ಜಿಗೆ ಜಿಲ್ಲೆಯ ನಾಲ್ವರು ಶಾಸಕರೂ ಸಹಿ ಹಾಕಬೇಕು.